ತೋಮನ ಎಂಟು ದಿನ

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಗೆಳೆಯರೊಬ್ಬರು ದೇವರನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿದ್ದರು. ನೀವೆಲ್ಲ ಓದಿದ್ದೀರಿ. ಕಾಣದ್ದನ್ನು ನಂಬು ಅನ್ನುವುದು ಮನುಷ್ಯನ ಬುದ್ಧಿಗೆ ಮಾಡಿದ ಅವಮಾನ. ಕ್ರಿಸ್ತನ ಹನ್ನೆರಡು ಶಿಷ್ಯರಲ್ಲಿ ತಲೆ ನೆಟ್ಟಗಿದ್ದವನು ತೋಮ ಒಬ್ಬನೇ. ಅವನನ್ನೇ ಇವರು ‘ಸಂಶಯದ ತೋಮ’ ಅಂತ ಎರಡು ಸಾವಿರ ವರ್ಷ ಹಂಗಿಸುತ್ತ ಬಂದರು ಎಂಬುದು ಅವರ ವಾದದ ತಿರುಳು. ಲೇಖನ ಚೆನ್ನಾಗಿತ್ತು. ಓದಿದವರೆಲ್ಲ ಒಂದು ಸಲ ನನ್ನ ಕಡೆ ತಿರುಗಿ ನೋಡಿದರು. ಸಂಘದಲ್ಲಿ ಕ್ರೈಸ್ತ ಅಂತ ಇರುವವನು ನಾನೊಬ್ಬನೇ. ಸಂಪಾದಕರಂತೂ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತವನನ್ನು ಹಿಡಿದುಕೊಂಡು, “ಉತ್ತರ ಬರೀತೀಯಲ್ಲ, ಪುಟ ಬಿಟ್ಟಿರ್ತೀನಿ” ಅಂದರು.

ಅವರಿಗೆ ಬೇಕಾಗಿದ್ದುದು ನಂಬುವವನ ಉತ್ತರ. ಅದನ್ನು ಕೊಡುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂಬುದೇ ನನ್ನ ತೊಡಕು. ನಾನು ಬೆಟಗೇರಿಯವನು. ಗದಗ-ಬೆಟಗೇರಿ ಅಂತ ಜೋಡಿ ಹೆಸರಿನಲ್ಲಿ ಕೇಳಿರುತ್ತೀರಿ. 1841ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿ ನೆಲೆಯೂರಿದರು. ನಮ್ಮದು ತಲೆತಲಾಂತರದಿಂದ ಆ ಚರ್ಚಿಗೆ ಸೇರಿದ ಮನೆ. (ಕಿಟೆಲ್ ಕೋಶವನ್ನು ನಮ್ಮ ಈ ಮದರಾಸಿನ ವಿಶ್ವವಿದ್ಯಾಲಯದವರೇ ಪರಿಷ್ಕರಿಸಿ ಸಂಪುಟಗಳಾಗಿ ತಂದರಲ್ಲ, 1894ರಲ್ಲಿ ಅದನ್ನು ಮೊದಲು ಅಚ್ಚಿಗೆ ಕೊಟ್ಟ ಕಿಟೆಲ್ ಸಾಹೇಬರೂ ಅದೇ ಮಿಶನ್ನಿನವರು. ಕನ್ನಡಕ್ಕೆ ಕೋಶ ಕೊಟ್ಟರು, ನಮ್ಮ ಮನೆತನಕ್ಕೆ ದೇವರನ್ನು ಕೊಟ್ಟರು. ಮೊದಲನೆಯದರ ಬಗ್ಗೆ ಗೆಳೆಯರಿಗೆ ತಕರಾರಿಲ್ಲ ಅಂದುಕೊಂಡಿದ್ದೇನೆ.) ಹುಟ್ಟಿದಾಗಿನಿಂದ ಭಾನುವಾರ ತಪ್ಪಿಸಿದವನಲ್ಲ. ಆದರೆ ಈಗ ಯಾರಾದರೂ ನಿಲ್ಲಿಸಿ “ನಂಬ್ತೀಯೇನು?” ಅಂತ ಕೇಳಿದರೆ, 2022ರ ಸೆಪ್ಟೆಂಬರಿನಿಂದ ಈಚೆಗೆ ನನಗೆ ಸರಿಯಾಗಿ ಗೊತ್ತಿಲ್ಲ. ಅದರ ಮಾತು ಮುಂದೆ ಬರುತ್ತದೆ.

ತೋಮನ ವಿಚಾರ ಎತ್ತಲು ಈ ಊರಿಗಿಂತ ತಕ್ಕ ಜಾಗವಿಲ್ಲ. ಪರಂಗಿಮಲೈ ಸ್ಟೇಷನ್ನಿನಲ್ಲಿ ಲೋಕಲ್ ಇಳಿದು ಒಂದಿಷ್ಟು ನಡೆದರೆ ಬೆಟ್ಟದ ಬುಡ ಸಿಗುತ್ತದೆ. ಅವನು ಸತ್ತದ್ದು ಅಲ್ಲೇ ಅನ್ನುತ್ತಾರೆ. ನನ್ನ ರೂಮ್‌ಮೇಟ್ ತುಮಕೂರಿನ ಕಡೆಯವನು. ಮೊದಲ ವರ್ಷವೆಲ್ಲ ಅದನ್ನು ಪರಂಗಿಹಣ್ಣಿನ ಬೆಟ್ಟ ಅಂತಲೇ ತಿಳಿದಿದ್ದ. ಪರಂಗಿ ಅಂದರೆ ಫರಂಗಿ, ಪೋರ್ಚುಗೀಸರು ಬಂದು ಕೂತ ಬೆಟ್ಟ ಅಂತ ಹೇಳಿದ ಮೇಲೂ ಮೇಲೆ ಹೋಗಿ ಮರ ಹುಡುಕಿದ. ಹೋದ ತಿಂಗಳು ಲೇಖನದ ಗಲಾಟೆ ಆದ ಮೇಲೆ ನಾವಿಬ್ಬರೂ, ಆ ಲೇಖನ ಬರೆದ ಗೆಳೆಯರೂ ಸೇರಿ ಒಂದು ಸಂಜೆ ಹತ್ತಿದೆವು. ನೂರಕ್ಕೂ ಹೆಚ್ಚು ಮೆಟ್ಟಿಲು. ತುದಿಯಲ್ಲಿ ಪೋರ್ಚುಗೀಸರು ಕಟ್ಟಿದ ಚಿಕ್ಕ ಚರ್ಚು, ಕೆಳಗೆ ವಿಮಾನ ನಿಲ್ದಾಣ, ಇಳಿಯುವ ವಿಮಾನ ತಲೆಯ ಮೇಲೇ ಬಂತೇನೋ ಅನ್ನುವಂತೆ. ಒಳಗೆ ಬಲಿಪೀಠದ ಹಿಂದೆ ಒಂದು ಕಲ್ಲಿನ ಶಿಲುಬೆ. 1547ರಲ್ಲಿ ಪೋರ್ಚುಗೀಸರು ಪಾಯ ಅಗೆಯುವಾಗ ಸಿಕ್ಕಿದ್ದು. ಸುತ್ತಲೂ ಹಳೆಯ ಪಹ್ಲವಿ ಲಿಪಿಯ ಬರಹವಿದೆ. 1558ರಿಂದ ಮೊದಲ್ಗೊಂಡು ಡಿಸೆಂಬರ್ 18ರ ದಿನ ಆ ಕಲ್ಲು ರಕ್ತ ಬೆವರುತ್ತಿತ್ತಂತೆ, 1704ರಲ್ಲಿ ಕೊನೆಯ ಸಲವಂತೆ.

“ಆಮೇಲೆ ಯಾಕೆ ನಿಂತಿತು?” ಅಂದರು ಗೆಳೆಯರು. ಕೇಳಬೇಕಾದ ಪ್ರಶ್ನೆಯೇ. ನನ್ನಲ್ಲಿ ಉತ್ತರವಿರಲಿಲ್ಲ.

“ಹೋಗ್ಲಿ, ಅವನ ಮೂಳೆಯಾದ್ರೂ ಇದೆಯೋ?” ಅಂದ ರೂಮ್‌ಮೇಟ್.

ಇದಕ್ಕೆ ಉತ್ತರವಿತ್ತು, ಆದರೆ ಅದು ಇನ್ನೂ ಪೇಚಿನದು. ಸಮುದ್ರದ ದಂಡೆಯ ಸಾಂತೋಮ್ ಚರ್ಚು ಅವನ ಸಮಾಧಿಯ ಮೇಲೆ ಎದ್ದದ್ದು. ಈಗಿನ ಬಿಳಿಯ ಗೋಪುರದ ಕಟ್ಟಡ 1890ರ ದಶಕದ್ದು. ಆದರೆ ಹದಿಮೂರನೆಯ ಶತಮಾನದ ಕೊನೆಯಲ್ಲಿ ಈ ಕಡೆ ಬಂದ ಮಾರ್ಕೊ ಪೋಲೋ ಕೂಡ ಸಮಾಧಿಯ ವಿಷಯ ಬರೆದಿದ್ದಾನೆ, ಯಾತ್ರಿಕರು ಅಲ್ಲಿಯ ಕೆಂಪು ಮಣ್ಣನ್ನು ಒಯ್ದು ಜ್ವರದವರಿಗೆ ಕೊಡುತ್ತಿದ್ದರೆಂದೂ ಬರೆದಿದ್ದಾನೆ. ಸರಿ, ಆದರೆ ಸಮಾಧಿಯಲ್ಲಿ ಏನಿದೆ? ನಾಲ್ಕನೆಯ ಶತಮಾನಕ್ಕಾಗಲೇ ತೋಮನ ಮೂಳೆಗಳು ತಮ್ಮಲ್ಲಿವೆ ಅಂತ ಎಡೆಸ್ಸಾ ಪಟ್ಟಣದವರು ಹಾಡು ಕಟ್ಟಿದ್ದರು. ಅಲ್ಲಿಂದ ಅವು ಕಿಯೋಸ್ ದ್ವೀಪಕ್ಕೆ ಹೋದವು, 1258ರಲ್ಲಿ ಇಟಲಿಯ ಒರ್ತೋನಾಕ್ಕೆ ಹೋದವು. ಮದರಾಸಿಗೆ ಉಳಿದದ್ದು ಒಂದು ಚೂರು. ಅಷ್ಟೇಕೆ, ತೋಮ ದಕ್ಷಿಣಕ್ಕೆ ಬಂದೇ ಇಲ್ಲ, ಸಿಂಧೂ ನದಿಯ ಆಚೆ ಪಾರ್ಥಿಯನ್ ರಾಜ್ಯದಲ್ಲೇ ಅವನ ಕೆಲಸ ಮುಗಿಯಿತು ಎನ್ನುವ ವಿದ್ವಾಂಸರೂ ಇದ್ದಾರೆ. 2006ರ ಸೆಪ್ಟೆಂಬರಿನಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಆಡಿದ ಒಂದು ಮಾತು ಹಾಗೆ ಅರ್ಥ ಕೊಡುತ್ತದೆಂದು ಕೇರಳದ ಕ್ರೈಸ್ತರು ಸಿಟ್ಟಾದದ್ದೂ, ರೋಮಿನವರು ಆಮೇಲೆ ಅಚ್ಚಾದ ಪಾಠವನ್ನು ತಿದ್ದಿದ್ದೂ ಉಂಟು.

ಮುಟ್ಟಿ ನೋಡದೆ ನಂಬೆ ಅಂದ ಮನುಷ್ಯ! ಅವನದೇ ಎಲುಬು ಮುಟ್ಟಿ ನೋಡುತ್ತೇವೆಂದು ಹೊರಟವರಿಗೆ ಮೂರು ದೇಶ ಸುತ್ತಿಸಿದ್ದಾನೆ. ಗೆಳೆಯರು ನಕ್ಕರು. ನಾನೂ ನಕ್ಕೆ.

ಆ ರಾತ್ರಿ ಹಾಸ್ಟೆಲಿಗೆ ಬಂದು ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯವನ್ನು ಮತ್ತೆ ಓದಿದೆ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು. ಬಾಯಿಪಾಠ ಮಾಡಿದ್ದನ್ನು ನಾವು ಓದುವುದೇ ಇಲ್ಲ. ಕತೆ ನಿಮಗೂ ಗೊತ್ತಿರಬಹುದು. ಶಿಲುಬೆಗೇರಿಸಿದ ಮೂರನೆಯ ದಿನ ಸಂಜೆ, ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದ ಶಿಷ್ಯರ ನಡುವೆ ಯೇಸು ಬಂದು ನಿಂತ. ತೋಮ ಆಗ ಅಲ್ಲಿರಲಿಲ್ಲ. ಬಂದ ಮೇಲೆ ಇವರು ಹೇಳಿದರೆ, ಮೊಳೆಯ ಗಾಯದಲ್ಲಿ ಬೆರಳಿಟ್ಟು, ಪಕ್ಕೆಯಲ್ಲಿ ಕೈ ಹಾಕಿ ನೋಡದ ಹೊರತು ಒಪ್ಪುವುದಿಲ್ಲ ಎಂದ. ಎಂಟು ದಿನ ಕಳೆದವು. ಯೇಸು ಮತ್ತೆ ಬಂದು, ಬಾ, ಬೆರಳಿಡು, ಅಂದ. ತೋಮ ನನ್ನ ಒಡೆಯ, ನನ್ನ ದೇವರು ಎಂದುಬಿಟ್ಟ. ಆಗ ಯೇಸು, ಕಾಣದೆ ನಂಬುವವರನ್ನು ಹೊಗಳಿದ.

ಗೆಳೆಯರು ಹಿಡಿದದ್ದು ಈ ಕೊನೆಯ ಮಾತನ್ನು. ಆದರೆ ಕತೆಯ ಉಳಿದ ಭಾಗವನ್ನು ನೋಡಿ. ಮೊದಲನೆಯದಾಗಿ, ಆ ಉಳಿದ ಶಿಷ್ಯರೇನು ಕಾಣದೆ ನಂಬಿದ ಶೂರರೆ? ಅವರಿಗೂ ಯೇಸು ಕೈ ತೋರಿಸಿದ್ದ, ಪಕ್ಕೆ ತೋರಿಸಿದ್ದ. ಅದಕ್ಕೂ ಮೊದಲು ಸಮಾಧಿ ಬರಿದಾಗಿದೆ ಅಂತ ಹೆಂಗಸರು ಓಡಿ ಬಂದು ಹೇಳಿದಾಗ ಇವರೇ ಅದನ್ನು ಹರಟೆ ಅಂತ ತಳ್ಳಿಹಾಕಿದ್ದರೆಂದು ಲೂಕ ಬರೆದಿದ್ದಾನೆ. ತೋಮ ಕೇಳಿದ್ದು ಅವರಿಗೆ ಸಿಕ್ಕಷ್ಟನ್ನೇ, ಇನ್ನೊಂದು ಬೆರಳಿನಷ್ಟು ಮುಂದೆ. ಹೆಸರು ಕೆಟ್ಟದ್ದು ಮಾತ್ರ ಅವನೊಬ್ಬನದು. ಎರಡನೆಯದಾಗಿ, ಅವನು ನಿಜಕ್ಕೂ ಮುಟ್ಟಿದನೆ? ಕಾರವಾಜಿಯೋ ಎಂಬ ಚಿತ್ರಕಾರ 1601-02ರ ಸುಮಾರಿಗೆ ಬರೆದ ಚಿತ್ರದಲ್ಲಿ ತೋಮನ ತೋರುಬೆರಳು ಗಾಯದ ಒಳಗೇ ಹೋಗಿದೆ, ನೋಡಿದರೆ ಮೈ ಜುಮ್ಮೆನ್ನುತ್ತದೆ. ಪುಸ್ತಕದಲ್ಲಿ ಹಾಗಿಲ್ಲ. ಮುಟ್ಟು ಅಂತ ಕರೆದದ್ದಿದೆ, ಮುಟ್ಟಿದ ಅಂತ ಇಲ್ಲ.

ಮೂರನೆಯದೇ ನನಗೆ ಮುಖ್ಯ. ಆ ಎಂಟು ದಿನ. ಅದರ ಬಗ್ಗೆ ಸುವಾರ್ತೆಯಲ್ಲಿ ಒಂದು ಮಾತೂ ಇಲ್ಲ. ಎಂಟು ದಿನ ಆದ ಮೇಲೆ ಅವರು ಮತ್ತೆ ಒಳಗಿದ್ದರು, ತೋಮನೂ ಅವರ ಜೊತೆ ಇದ್ದ, ಅಷ್ಟೆ. ನೋಡಿ, ನಾನು ನಂಬುವುದಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದವನು ಎದ್ದು ಹೋಗಲಿಲ್ಲ. ಅವರೂ ಹೊರಗೆ ಹಾಕಲಿಲ್ಲ. ಕಂಡವರೂ ಕಾಣದವನೂ ಒಂದೇ ಕೋಣೆಯಲ್ಲಿ ಒಂದು ವಾರ ಉಂಡು ಮಲಗಿದರು. ಏನು ಮಾತಾಡಿಕೊಂಡರೋ! ಜಗಳ ಆಗಿರಬೇಕು. ರೊಟ್ಟಿ ಮುರಿದು ಕೊಡುವಾಗ ಒಬ್ಬರ ಮುಖ ಒಬ್ಬರು ನೋಡದೆಯೂ ಇದ್ದಿರಬೇಕು. ಇದು ನನ್ನ ಊಹೆ.

ಈಗ 2022ಕ್ಕೆ ಬರುತ್ತೇನೆ.

ನಾನಾಗ ಪಿಯುಸಿ ಎರಡನೇ ವರ್ಷ, ತಮ್ಮ ಒಂಬತ್ತನೇ ಇಯತ್ತೆ. ಮಳೆ ನಿಂತ ಮೇಲೆ ಓಣಿಯಲ್ಲಿ ನಾಲ್ಕೈದು ಮನೆಗೆ ಡೆಂಗ್ಯೂ ಜ್ವರ ಬಂತು. ನಮ್ಮಲ್ಲಿ ಅವನಿಗೆ ಬಂತು. ಗದಗಿನಲ್ಲಿ ಎರಡು ದಿನ, ಅಲ್ಲಿಂದ ಹುಬ್ಬಳ್ಳಿಗೆ. ಪ್ಲೇಟ್‌ಲೆಟ್ ಹನ್ನೆರಡು ಸಾವಿರಕ್ಕೆ ಇಳಿದಿತ್ತು. ಅಪ್ಪನೂ ನಾನೂ ರಕ್ತಕ್ಕೆ ಓಡಾಡಿದೆವು. ಊರಲ್ಲಿ ಅವ್ವ, ಅಜ್ಜಿ, ಚರ್ಚಿನವರು ರಾತ್ರಿಯೆಲ್ಲ ಪ್ರಾರ್ಥನೆಗೆ ಕೂತರು. ನಾನೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೇಡಿಕೊಂಡೆ, ಬೇರೆ ಏನೂ ಕೇಳೋದಿಲ್ಲ, ಇದೊಂದು ಸಲ ಅಂತ. ಆರನೆಯ ದಿನ ಬೆಳಗಿನ ಜಾವ ಅವನು ಹೋದ. ಅವನ ಕೈ ಹಿಡಿದುಕೊಂಡು ಕೂತಿದ್ದೆ. ಮುಂಗೈ ತುಂಬಾ ಸೂಜಿ ಚುಚ್ಚಿದ ನೀಲಿ ಕಲೆ. ಮುಟ್ಟಿ ನೋಡಿ ತಿಳಿಯುವಂಥದ್ದು ಏನಿದೆಯೋ ಅದನ್ನು ನಾನು ಅವತ್ತು ಮುಟ್ಟಿ ತಿಳಿದುಕೊಂಡೆ.

ಹದಿನೈದು ದಿನಕ್ಕೆ ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟರು. ಬೇರೆ ಊರಿನಿಂದ ಬಂದಿದ್ದ ಪ್ರಸಂಗಿಯೊಬ್ಬರು ಎದ್ದು ನಿಂತು ಮಾತಾಡಿದರು. ಎಲ್ಲೆಲ್ಲಿ ಯಾರ್ಯಾರು ವಾಸಿಯಾದರು, ಯಾವ ಊರಲ್ಲಿ ಕುಂಟ ನಡೆದ, ಯಾವ ಊರಲ್ಲಿ ಗಡ್ಡೆ ಕರಗಿತು ಎಂಬ ಸಾಕ್ಷಿಗಳನ್ನು ಒಂದೊಂದಾಗಿ ಹೇಳಿದರು. ಕೊನೆಗೆ, ಈ ಮನೆಯಲ್ಲಿ ಸಾಸಿವೆ ಕಾಳಿನಷ್ಟು ಗಟ್ಟಿ ನಂಬಿಕೆ ಇದ್ದಿದ್ದರೆ ಹುಡುಗ ಉಳೀತಿದ್ದ, ಇನ್ನಾದರೂ ಎಚ್ಚರಾಗಿರಿ ಅಂದರು. ಅವ್ವ ಬಾಗಿಲ ಹತ್ತಿರ ಚಹದ ತಟ್ಟೆ ಹಿಡಿದು ನಿಂತಿದ್ದಳು. ಏನೂ ಅನ್ನಲಿಲ್ಲ. ಒಳಗೆ ಹೋದಳು. ಆರು ರಾತ್ರಿ ಮೊಣಕಾಲೂರಿ ಕೂತವಳಿಗೆ ನಂಬಿಕೆ ಸಾಲದಾಯಿತಂತೆ.

ಮರುದಿನ ಭಾನುವಾರ. ನಾನು ಚರ್ಚಿಗೆ ಬರೋದಿಲ್ಲ ಅಂದೆ. ಅಪ್ಪ ಸುಮ್ಮನಿದ್ದ. ಅಜ್ಜಿ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, “ಅವನ ಮಾತು ಬಿಡು. ನಂಬಿಕಿ ಬರತೈತಿ, ಹೋಕ್ಕೈತಿ. ನೀ ಬಂದು ಕುಂದ್ರೂದ್ ಬಿಡಬ್ಯಾಡ” ಅಂದಳು. “ನಂಬದs ಕುಂತ್ರ ಅದು ಸುಳ್ಳಾಗೂದಿಲ್ಲೇನಬೇ?” ಅಂತ ಕೇಳಿದೆ. “ಸುಳ್ಳ ಹೇಳಬ್ಯಾಡ. ಸುಮ್ನ ಕುಂದ್ರು” ಅಂದಳು. ಹೋಗಿ ಕೂತೆ. ಹಾಡು ಹಾಡುವಾಗ ಬಾಯಿ ತೆರೆಯಲಿಲ್ಲ. ಯಾರೂ ಏನೂ ಕೇಳಲಿಲ್ಲ.

ಗೆಳೆಯರ ಲೇಖನ ಓದಿದಾಗ ನನಗೆ ಆ ಪ್ರಸಂಗಿಯ ನೆನಪಾಯಿತು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟದ್ದಕ್ಕೆ ಇಬ್ಬರೂ ಸಿಟ್ಟಾಗಬಹುದು. ಆದರೆ ಕೇಳಿ. ನಂಬಿಕೆ ಅನ್ನುವುದು ನಿಜವಾಗಿದ್ದರೆ ಅದರಿಂದ ಕಣ್ಣಿಗೆ ಕಾಣುವಂಥ ಫಲ ಬರಲೇಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ. ಒಬ್ಬರು ಫಲ ಬಂತು ಅನ್ನುತ್ತಾರೆ, ಇನ್ನೊಬ್ಬರು ಎಲ್ಲಿ ತೋರಿಸಿ ಅನ್ನುತ್ತಾರೆ. ಫಲ ಬಾರದೆ ಹೋದ ಮನೆಗೆ ಇಬ್ಬರ ಬಳಿಯೂ ಮಾತಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಪವಾಡ ಮಾಡಿ ತೋರಿಸುತ್ತೇನೆ ಅನ್ನುವವನನ್ನು ಪರೀಕ್ಷೆಗೆ ಕರೆಯಬೇಕು ಎಂಬ ವಿಷಯದಲ್ಲಿ ನಾನು ಪೂರ್ತಿ ಗೆಳೆಯರ ಕಡೆ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ ಪುಟ್ಟಪರ್ತಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ನಮ್ಮವರೇನು ಕಮ್ಮಿಯಿಲ್ಲ. 2012ರಲ್ಲಿ ಮುಂಬಯಿಯ ಒಂದು ಚರ್ಚಿನ ಹತ್ತಿರ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕತೊಡಗಿತು, ಜನ ತೀರ್ಥ ಅಂತ ಹಿಡಿದರು. ವಿಚಾರವಾದಿ ಸನಲ್ ಇಡಮರುಕು ಬಂದು ನೋಡಿ, ಪಕ್ಕದ ಕಟ್ಟಿಕೊಂಡ ಮೋರಿಯ ನೀರು ಗೋಡೆಯ ಸಂದಿನಲ್ಲಿ ಏರಿ ಬರುತ್ತಿದೆ ಅಂತ ತೋರಿಸಿದರು. ಬತ್ತಿ ಎಣ್ಣೆ ಹೀರುವ ಹಾಗೆ. ನಾವು ಹೈಸ್ಕೂಲಿನಲ್ಲಿ ಓದಿದ್ದೇ. ಅದಕ್ಕೆ ಕ್ರೈಸ್ತ ಸಂಘಟನೆಗಳ ಕೆಲವರು ಪೊಲೀಸರಿಗೆ ದೂರು ಕೊಟ್ಟರು, ಅವರು ದೇಶ ಬಿಟ್ಟು ಫಿನ್ಲೆಂಡಿಗೆ ಹೋಗಬೇಕಾಯಿತು. ಇದನ್ನು ಬರೆಯುವಾಗ ನನಗೆ ನಾಚಿಕೆ ಆಗುತ್ತದೆ. ಬೆರಳಿಟ್ಟು ನೋಡು ಅಂತ ಕರೆದವನ ಹೆಸರಿನಲ್ಲಿ, ಬೆರಳಿಟ್ಟು ನೋಡಿದವನ ಮೇಲೆ ಕೇಸು!

ಆದರೆ ಮೋರಿಯ ನೀರು ಮೋರಿಯದು ಅಂತ ಗೊತ್ತಾದ ಮೇಲೂ ನನ್ನ ಪ್ರಶ್ನೆ ಹಾಗೇ ಉಳಿಯುತ್ತದೆ. ಆ ಶಿಲುಬೆಯಿಂದ ರಕ್ತವೇ ಸುರಿದಿದ್ದರೂ ನನ್ನ ತಮ್ಮನ ವಿಷಯದಲ್ಲಿ ಅದರಿಂದ ಏನು ರುಜುವಾತಾಗುತ್ತಿತ್ತು? ಏನೂ ಇಲ್ಲ. ಅವನು ಎಲ್ಲೋ ಇದ್ದಾನೆ ಎಂಬುದನ್ನು ಯಾವ ಕಲ್ಲೂ ಹೇಳಲಾರದು. ಎಲ್ಲೂ ಇಲ್ಲ ಎಂಬುದನ್ನೂ ಹೇಳಲಾರದು.

ಕನ್ನಡದಲ್ಲಿ ಸಾಕ್ಷಿ ಎಂಬ ಶಬ್ದ ವಿಚಿತ್ರವಾಗಿದೆ. ಕೋರ್ಟಿನಲ್ಲಿ ವಕೀಲರು ಸಾಕ್ಷಿ ಎಲ್ಲಿ ಅಂದರೆ ಪುರಾವೆ ಎಲ್ಲಿ ಅಂತ ಅರ್ಥ. ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳುವುದು ಅಂದರೆ ಎದ್ದು ನಿಂತು ದೇವರು ತನಗೇನು ಮಾಡಿದ ಅಂತ ಹೇಳುವುದು. ಮನಸ್ಸಾಕ್ಷಿ ಅಂದರೆ ಇನ್ನೂ ಬೇರೆ, ಒಳಗೆ ಕೂತು ನೋಡುವವನು. ಈ ಮೂರನ್ನೂ ಕಲಸಿಬಿಟ್ಟದ್ದರಿಂದ ನಮಗೆ ಇಷ್ಟು ತಾಪತ್ರಯ. ವಾಸಿಯಾದವರು ಮಾತ್ರ ಎದ್ದು ಸಾಕ್ಷಿ ಹೇಳುತ್ತಾರೆ. ವಾಸಿಯಾಗದವರ ಮನೆಯವರನ್ನು ಯಾರೂ ಎಬ್ಬಿಸುವುದಿಲ್ಲ.

ಕಲ್ಕತ್ತೆಯ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ, ಅವರು ತೀರಿಕೊಂಡ ಹತ್ತು ವರ್ಷಕ್ಕೆ, ಪುಸ್ತಕವಾಗಿ ಬಂದವು. ಸುಟ್ಟುಬಿಡಿ ಅಂತ ಅವರೇ ಕೇಳಿಕೊಂಡಿದ್ದ ಪತ್ರಗಳು. ರಸ್ತೆಯಲ್ಲಿ ಬಿದ್ದವರನ್ನು ಎತ್ತುವ ಕೆಲಸಕ್ಕೆ ಕೈ ಹಾಕಿದಾಗಿನಿಂದ ಸಾಯುವವರೆಗೆ, ಹತ್ತಿರ ಹತ್ತಿರ ಐವತ್ತು ವರ್ಷ, ನಡುವೆ 1958ರಲ್ಲಿ ಸ್ವಲ್ಪ ದಿನ ಬಿಟ್ಟರೆ, ಒಳಗೆ ದೇವರಿದ್ದಾನೆ ಎಂಬ ಅನುಭವವೇ ಅವರಿಗೆ ಆಗಿರಲಿಲ್ಲವಂತೆ. ಬರೀ ಕತ್ತಲೆ. ಗುರುಗಳಿಗೆ ಬರೆದು ತೋಡಿಕೊಂಡಿದ್ದಾರೆ, ಹೊರಗೆ ನಗುತ್ತಾ ಇದ್ದಾರೆ. ಇದನ್ನು ಓದಿ ಕೆಲವರು ಅವರು ಆಷಾಢಭೂತಿ ಅಂದರು. ನನಗೆ ಹಾಗನ್ನಿಸಲಿಲ್ಲ. ತೋಮನಿಗೆ ಎಂಟು ದಿನ, ಈಕೆಗೆ ಐವತ್ತು ವರ್ಷ ಅನ್ನಿಸಿತು. ಬೆಳಿಗ್ಗೆ ಎದ್ದು ಹೋಗುವುದನ್ನು ಬಿಡಲಿಲ್ಲ. ತಮಾಷೆ ಏನಪ್ಪಾ ಅಂದರೆ, ಯಾವ ಪುರಾವೆಯೂ ಇಲ್ಲದೆ ಬಾಳಿದ ಆಕೆಯನ್ನು 2016ರಲ್ಲಿ ಸಂತರ ಪಟ್ಟಿಗೆ ಸೇರಿಸಲು ಚರ್ಚಿಗೆ ಎರಡು ಪವಾಡದ ಪುರಾವೆ ಬೇಕಾಯಿತು. ಅದರಲ್ಲಿ ಒಂದು ಬಂಗಾಳದ ಹೆಂಗಸೊಬ್ಬಳ ಗಡ್ಡೆ ಕರಗಿದ್ದು. ಅದು ನಮ್ಮ ಔಷಧದಿಂದ ಅಂತ ಡಾಕ್ಟರು ಆಗಲೇ ಹೇಳಿದ್ದರು.

ಗೆಳೆಯರು ಇಷ್ಟಕ್ಕೆ ಬಿಡುವವರಲ್ಲ, ನನಗೆ ಗೊತ್ತು. ಬೆಟ್ಟದಿಂದ ಇಳಿಯುವಾಗ ನಾನು ಅವರಿಗೆ ತೋಮನ ಇನ್ನೊಂದು ಕತೆ ಹೇಳಿದೆ. ಬೈಬಲಿನಲ್ಲಿ ಇಲ್ಲದ್ದು, ಮೂರನೆಯ ಶತಮಾನದ ಸಿರಿಯಾಕ್ ಪುಸ್ತಕವೊಂದರಲ್ಲಿದೆ. ಇಂಡಿಯಾಕ್ಕೆ ಹೋಗು ಅಂದಾಗ ತೋಮ ಒಲ್ಲೆ ಅಂದನಂತೆ. ಯೇಸುವೇ ಅವನನ್ನು ಒಬ್ಬ ವ್ಯಾಪಾರಿಗೆ ಆಳಾಗಿ ಮಾರಿಬಿಟ್ಟನಂತೆ. ಇಲ್ಲಿ ಗೊಂಡೊಫರ್ನೆಸ್ ರಾಜ ಅರಮನೆ ಕಟ್ಟು ಅಂತ ಹಣ ಕೊಟ್ಟ. ತೋಮ ಅದನ್ನೆಲ್ಲ ಬಡವರಿಗೆ ಹಂಚಿದ. ಅರಮನೆ ಎಲ್ಲಿ ಅಂತ ರಾಜ ಕೇಳಿದರೆ, ಪರಲೋಕದಲ್ಲಿ ಎದ್ದಿದೆ, ಈಗ ಕಾಣೋದಿಲ್ಲ, ಸತ್ತ ಮೇಲೆ ಕಾಣುತ್ತೆ ಅಂದ. ಸಹಜವಾಗಿ ಜೈಲಿಗೆ ಹಾಕಿದರು. ಆಮೇಲೆ ರಾಜನ ತಮ್ಮ ಸತ್ತು, ಅಲ್ಲಿ ಆ ಅರಮನೆ ನೋಡಿ, ಬದುಕಿ ಬಂದು ಹೇಳಿದನೆಂದು ಕತೆ ಮುಗಿಯುತ್ತದೆ. ಆ ಹೆಸರಿನ ರಾಜ ನಿಜವಾಗಿ ಇದ್ದನೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ನಾಣ್ಯಗಳು ಸಿಕ್ಕವು. ಅರಮನೆಗೆ ಇನ್ನೂ ಏನೂ ಸಿಕ್ಕಿಲ್ಲ.

ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕು, “ಇದೇ ಮೊದಲನೇ ಪಿಡಬ್ಲ್ಯುಡಿ ಹಗರಣ ಕಣಯ್ಯ” ಅಂದರು. ಆಮೇಲೆ ಸ್ವಲ್ಪ ದೂರ ನಡೆದು, “ಅಲ್ಲ, ಬಡವರಿಗೆ ಅನ್ನ ಸಿಕ್ತಲ್ಲ, ಅಷ್ಟು ಸಾಕಲ್ವೆ? ಮೇಲೆ ಅರಮನೆ ಯಾಕೆ ಬೇಕು?” ಅಂತ ಕೇಳಿದರು.

ನನಗೆ ಆ ಪ್ರಶ್ನೆ ಇವತ್ತಿಗೂ ಬಿಡಿಸಿಕೊಂಡಿಲ್ಲ. ಅನ್ನವೇ ಸಾಕು ಅನ್ನುವ ದಿನಗಳಿವೆ. ಕೆಲವು ರಾತ್ರಿ ಮಾತ್ರ, ರಾಜನ ತಮ್ಮನ ಹಾಗೆ ನನ್ನ ತಮ್ಮ ಬಂದು, ಇದೆ ಕಣೋ ಅಣ್ಣಾ, ನೋಡಿ ಬಂದೆ ಅನ್ನಬಾರದೆ ಅನ್ನಿಸುತ್ತದೆ. ಬಂದಿಲ್ಲ. ಬರುತ್ತಾನೆ ಅಂತ ನಾನು ಯಾರಿಗೂ ಹೇಳಲಾರೆ. ಹಾಗಂತ ಎದ್ದು ಹೋಗಲೂ ನನ್ನಿಂದ ಆಗುತ್ತಿಲ್ಲ. ಇದನ್ನು ಗೆಳೆಯರು ಧೈರ್ಯ ಸಾಲದು ಅಂದರೆ ಅನ್ನಲಿ. ಆ ಪ್ರಸಂಗಿಯವರು ನಂಬಿಕೆ ಸಾಲದು ಅಂದದ್ದಾಗಿದೆ. ಇಬ್ಬರಲ್ಲೂ ನಾನು ಕೇಳುವುದು ಒಂದೇ: ಕೂತವನನ್ನು ಎಬ್ಬಿಸಬೇಡಿ.

ಡಿಸೆಂಬರಿನಲ್ಲಿ ಊರಿಗೆ ಹೋಗುತ್ತೇನೆ. ಕ್ರಿಸ್ಮಸ್ ಮುಗಿದು ವರ್ಷದ ಕೊನೆಯ ರಾತ್ರಿ ಚರ್ಚಿನಲ್ಲಿ ಸಾಕ್ಷಿ ಹೇಳುವವರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ. ಎಡಗಡೆಯ ನಾಲ್ಕನೇ ಬೆಂಚು ನಮ್ಮದು. ಅಜ್ಜಿ ಮುಂಚೆಯೇ ಹೋಗಿ ಶಾಲು ಹಾಸಿ ಜಾಗ ಹಿಡಿದಿರುತ್ತಾಳೆ; ಈಗಲೂ ಒಂದು ಜಾಗ ಹೆಚ್ಚೇ ಹಿಡಿಯುತ್ತಾಳೆ, ಅದರ ಬಗ್ಗೆ ನಾವ್ಯಾರೂ ಮಾತಾಡುವುದಿಲ್ಲ. ಗೆಳೆಯರಿಗೆ ಗದಗಿನ ಕಡೆ ಬರುವ ಕೆಲಸವಿದ್ದರೆ ಅಲ್ಲಿ ಕೂರಬಹುದು. ಹಾಡು ಬರದಿದ್ದರೆ ಚಿಂತೆಯಿಲ್ಲ, ನಾನೂ ಹಾಡುವುದಿಲ್ಲ.